ಪದ ಎಣಿಸುವುದು ಬೇಡ, ಅವರಿಬ್ಬರ ನಡುವೆ ಏನು ಬದಲಾಯಿತು ಅಂತ ಎಣಿಸಿ

ಧಾರವಾಡದ ತಂಗಿಯ ಪ್ರಶ್ನೆಯನ್ನು ನಿನ್ನೆ ರಾತ್ರಿ ಓದಿದೆ. ಬೆಳಿಗ್ಗೆವರೆಗೂ ಅದೇ ತಲೆಯಲ್ಲಿತ್ತು. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗಿದೆ, ಬಿಡುವಾದಾಗ ಓದಿ.

ನೀವು ಹೇಳಿದ್ದು ಇಷ್ಟು. ಬ್ಯಾಂಕಿನಲ್ಲಿ ಕೆಲಸ, ನಾಲ್ಕು ವರ್ಷದ ಮಗು. ಮೂರು ಪ್ರೇಮ ಕಾದಂಬರಿ ಶುರು ಮಾಡಿದ್ದೀರಿ. ಮೂರೂ ಆರನೇ ಅಧ್ಯಾಯದ ಆಸುಪಾಸಿನಲ್ಲಿ ನಿಂತುಹೋಗಿವೆ. ಈ ಸಲ ಫೆಬ್ರವರಿ 14ಕ್ಕೆ ಹೊಸದನ್ನು ಶುರು ಮಾಡಿ, ದಿನಕ್ಕೆ 1,667 ಪದದ ಹಾಗೆ ಮೂವತ್ತು ದಿನದಲ್ಲಿ 50,000 ಪದ ಮುಗಿಸುವ ಗುರಿ. ಕಥೆ ಧಾರವಾಡ-ಹುಬ್ಬಳ್ಳಿ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ದಿನಾ ಹುಬ್ಬಳ್ಳಿಗೆ ಹೋಗುವ ಇಬ್ಬರದು. ಕೊನೆಗೆ ಒಂದು ಸಾಲು ಸೇರಿಸಿದ್ದೀರಿ: ಲವ್ ಸ್ಟೋರಿ ಬರೀತಾಳೆ ಅಂತ ಮನೆಯಲ್ಲಿ ನಗುತ್ತಾರೆ.

ಮೊದಲು ಲೆಕ್ಕದ ವಿಷಯ. ಈ 1,667 ಎಲ್ಲಿಂದ ಬಂತು ಗೊತ್ತಲ್ವಾ? ಅಮೆರಿಕದಲ್ಲಿ 1999ರಲ್ಲಿ ಕೆಲವರು ಸೇರಿ ಶುರು ಮಾಡಿದ ಸವಾಲು ಅದು. ಒಂದು ತಿಂಗಳಲ್ಲಿ 50,000 ಪದ ಬರೆಯಬೇಕು. ಅದನ್ನು ಮೂವತ್ತರಿಂದ ಭಾಗಿಸಿದರೆ ನಿಮ್ಮ ಸಂಖ್ಯೆ. ಅವರಿಗೆ ಅದು ಸರಿ, ಅವರು ಬರೆದದ್ದು ಇಂಗ್ಲಿಷಿನಲ್ಲಿ. ಕನ್ನಡದ ಪದ ಹಾಗಲ್ಲ. "ಅವಳು ಬರುವುದಿಲ್ಲವೇನೋ ಅಂದುಕೊಂಡಿದ್ದೆ" ಅಂತ ನಾವು ಮೂರು ಪದದಲ್ಲಿ ಹೇಳಿ ಮುಗಿಸುತ್ತೇವೆ. ಅದೇ ಮಾತಿಗೆ ಇಂಗ್ಲಿಷಿನಲ್ಲಿ ಏಳೆಂಟು ಪದವಾದರೂ ಬೇಕು. ನಮ್ಮಲ್ಲಿ ಕಾಲ, ಲಿಂಗ, ಅನುಮಾನ ಎಲ್ಲವೂ ಒಂದೇ ಪದಕ್ಕೆ ಅಂಟಿಕೊಂಡು ಕೂತಿರುತ್ತವೆ. ಅಂದರೆ ಕನ್ನಡದಲ್ಲಿ 50,000 ಪದ ಅವರ 50,000ಕ್ಕಿಂತ ತುಂಬಾ ದೊಡ್ಡ ಕೆಲಸ. ನೀವು ಸೋತಿಲ್ಲ ತಂಗಿ, ಬೇರೆಯವರ ಅಳತೆಯ ಅಂಗಿ ಹಾಕಿಕೊಂಡಿದ್ದೀರಿ.

ನಾನೂ ಇದನ್ನು ಮಾಡಿ ನೋಡಿದವಳೇ. ಒಂದು ವರ್ಷ ಜನವರಿ ಒಂದರಿಂದ ದಿನಕ್ಕೆ ಸಾವಿರ ಪದ ಅಂತ ಹಟ ಹಿಡಿದೆ. ನಮ್ಮದು ಸಾಗರದ ಹತ್ತಿರದ ಹಳ್ಳಿ. ಜನವರಿ ಅಂದರೆ ಅಡಿಕೆ ಸುಲಿಯುವ ಕಾಲ, ರಾತ್ರಿ ಹನ್ನೊಂದಾದರೂ ಮೆಟ್ಟುಗತ್ತಿ ಮುಂದಿಂದ ಏಳುವ ಹಾಗಿರಲಿಲ್ಲ. ಹತ್ತೊಂಬತ್ತನೇ ದಿನ ಬಿಟ್ಟೆ. ಬಿಟ್ಟ ಬೇಸರಕ್ಕೆ ಏಳು ತಿಂಗಳು ಆ ಕಥೆಯ ಮುಖ ನೋಡಲಿಲ್ಲ. ಕೆಟ್ಟ ಗುರಿಯಿಂದ ಆಗುವ ನಷ್ಟ ಇದೇ. ಬರೆಯದೇ ಉಳಿದ ಪದಗಳಿಗಿಂತ ಆ ಏಳು ತಿಂಗಳು ಜಾಸ್ತಿ ನೋವು ಕೊಟ್ಟಿತು.

ಆಮೇಲೆ ನಾನು ಹಿಡಿದ ದಾರಿ ಹೇಳುತ್ತೇನೆ. ಹನ್ನೊಂದು ವರ್ಷದಲ್ಲಿ ನಾಲ್ಕು ಕಾದಂಬರಿ ಮುಗಿಸಿದ್ದು ಇದರಿಂದಲೇ.

ಬರೆಯಲು ಕೂತಾಗ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇವತ್ತು ಇವರಿಬ್ಬರ ನಡುವೆ ಏನು ಬದಲಾಗುತ್ತದೆ? ಒಂದು ಬದಲಾವಣೆ, ಒಂದು ಸನ್ನಿವೇಶ. ಅದು ಮುಗಿದರೆ ಆ ದಿನದ ಗುರಿ ಮುಗಿಯಿತು. ನಾನೂರು ಪದ ಆಗಿರಲಿ, ಸಾವಿರದ ನಾನೂರು ಆಗಿರಲಿ. ಪದ ಎಣಿಸುವಾಗ ನಾನು ಸುಮ್ನೆ ಮಳೆ, ಬೆಟ್ಟ, ಸಂಜೆಯ ಬಣ್ಣ ಅಂತ ತುಂಬಿಸುತ್ತಿದ್ದೆ. ಸಂಖ್ಯೆ ಏರುತ್ತಿತ್ತು, ಕಥೆ ಅಲ್ಲೇ ನಿಂತಿರುತ್ತಿತ್ತು. ಬದಲಾವಣೆ ಎಣಿಸಲು ಶುರು ಮಾಡಿದ ಮೇಲೆ ಹಾಗೆ ತುಂಬಿಸಲು ಆಗಲಿಲ್ಲ.

ನಿಮ್ಮ ಬಸ್ಸಿನ ಕಥೆಯನ್ನೇ ತೆಗೆದುಕೊಳ್ಳೋಣ. ಮೊದಲ ದಿನ ಅವಳು ಅವನನ್ನು ನೋಡುವುದೇ ಇಲ್ಲ. ಇನ್ನೊಂದು ದಿನ ಅವನು ಬಂದಿರುವುದಿಲ್ಲ, ಬಂದಿಲ್ಲ ಅಂತ ಅವಳಿಗೆ ಗೊತ್ತಾಗುತ್ತದೆ. ಇದು ಬದಲಾವಣೆ. ಅವನು ಸೀಟು ಹಿಡಿದಿಟ್ಟದ್ದು ಅವಳಿಗಾಗಿ ಅಂತ ಅವಳಿಗೆ ತಿಳಿಯುತ್ತದೆ, ತಿಳಿಯದವಳ ಹಾಗೆ ಕೂರುತ್ತಾಳೆ. ಇದು ಇನ್ನೊಂದು. ಒಂದು ದಿನ ಅವನು ತನ್ನ ಸ್ಟಾಪಿನಲ್ಲಿ ಇಳಿಯದೆ ಮುಂದೆ ಬರುತ್ತಾನೆ. ಮತ್ತೊಂದು. ಇವುಗಳಲ್ಲಿ ಯಾರೂ ಪ್ರೀತಿಯ ಹೆಸರೇ ಎತ್ತಿಲ್ಲ, ಆದರೂ ಕಥೆ ಮೂರು ಹೆಜ್ಜೆ ಮುಂದೆ ಬಂದಿದೆ.

ಇಲ್ಲಿ ನಮ್ಮ ಭಾಷೆಯೇ ಕೊಟ್ಟಿರುವ ಒಂದು ಸಂಪತ್ತಿದೆ. ಪ್ರೇಮಕಥೆ ಬರೆಯುವವರು ಅದನ್ನು ಕೈಯಲ್ಲಿ ಹಿಡಿದುಕೊಂಡು ಬಳಸದೇ ಇರುವುದು ನೋಡಿದರೆ ನನಗೆ ಸಂಕಟವಾಗುತ್ತದೆ. ಅದು "ನೀವು" ಹೋಗಿ "ನೀನು" ಆಗುವ ಗಳಿಗೆ. ನಿಮ್ಮ ಧಾರವಾಡದ ಮಾತಿನಲ್ಲೇ ನೋಡಿ. ಎಂಟನೇ ಅಧ್ಯಾಯದಲ್ಲಿ ಅವನು "ಮಳಿ ಬರಾಕತ್ತೈತಿ, ಛತ್ರಿ ತಗೊಂಡ ಹೋಗ್ರಿ" ಅನ್ನುತ್ತಾನೆ. ಇಪ್ಪತ್ತನೇ ಅಧ್ಯಾಯದಲ್ಲಿ ಅದೇ ಸ್ಟಾಪು, ಅದೇ ಮಳೆ. "ಛತ್ರಿ ತಗೊಂಡ ಹೋಗು" ಅನ್ನುತ್ತಾನೆ. ಬದಲಾಗಿದ್ದು ಕೊನೆಯ ಒಂದು ಅಕ್ಷರ. ಅವಳು ಬಸ್ಸಿನಲ್ಲಿ ಕೂತು ಆ ಒಂದು ಅಕ್ಷರವನ್ನೇ ಹುಬ್ಬಳ್ಳಿ ತನಕ ಯೋಚಿಸುತ್ತಾಳೆ. ಓದುವವರಿಗೆ ಮೈ ಜುಂ ಅನ್ನಬೇಕಾದರೆ ಇಷ್ಟು ಸಾಕು. ಜಗಳ ಆದಾಗ "ನೀವು" ವಾಪಸ್ ಬರಲಿ, ಅದರಷ್ಟು ಚುಚ್ಚುವ ಮಾತು ಬೇರೆ ಇಲ್ಲ. ಮದುವೆಯಾಗಿ ನಲವತ್ತು ವರ್ಷವಾದರೂ "ಏನ್ರೀ" ಅಂತಲೇ ಕರೆಯುವ ಹೆಂಗಸರು ನಮ್ಮ ಸುತ್ತ ಎಷ್ಟು ಜನ ಇದ್ದಾರೆ. ಆ "ಏನ್ರೀ"ಯಲ್ಲಿ ಸಿಟ್ಟು, ಮುದ್ದು, ಭಯ, ಎಚ್ಚರಿಕೆ ಬೇರೆ ಬೇರೆ ರಾಗದಲ್ಲಿ ಬರುತ್ತವೆ. ಕಿವಿ ಕೊಟ್ಟು ಕೇಳಿ, ಬರೆದಿಟ್ಟುಕೊಳ್ಳಿ.

ಇನ್ನು ಆರನೇ ಅಧ್ಯಾಯದಲ್ಲಿ ಯಾಕೆ ನಿಲ್ಲುತ್ತದೆ? ನೀವು ಹಿಂದೆ ಇಲ್ಲಿ ಹಾಕಿದ್ದ ಎರಡು ಕಥೆಯ ಭಾಗಗಳನ್ನು ಓದಿದ್ದೇನೆ. ಎರಡರಲ್ಲೂ ಐದನೇ ಅಧ್ಯಾಯದ ಹೊತ್ತಿಗೆ ಇಬ್ಬರೂ ಮನಸ್ಸು ಕೊಟ್ಟಾಗಿದೆ, ಇಬ್ಬರಿಗೂ ಅದು ಗೊತ್ತಾಗಿದೆ. ಆಮೇಲೆ ಏನು ಬರೆಯುವುದು? ಹಾಗಾಗಿ ಒಂದು ಅಪಘಾತ, ಇಲ್ಲಾ ಒಬ್ಬ ಕೆಟ್ಟ ಸೋದರಮಾವ ಬರುತ್ತಾನೆ. ನಿಮಗೇ ಆಸಕ್ತಿ ಹೋಗುತ್ತದೆ. ಶುರು ಮಾಡುವ ಮೊದಲೇ ಒಂದು ಕಾಗದದ ಮೇಲೆ ಉತ್ತರ ಬರೆದಿಡಿ: ಇವರಿಬ್ಬರೂ ಬರುವ ಶುಕ್ರವಾರವೇ ಯಾಕೆ ಮದುವೆಯಾಗಬಾರದು? ಜಾತಿ, ಸಾಲ, ಮದುವೆಯಾಗದ ಅಕ್ಕ, ಇವೆಲ್ಲ ನಿಜವಾದ ಅಡ್ಡಿಗಳೇ, ಇರಲಿ. ಆದರೆ ಅದರ ಜೊತೆ ಅವರ ಒಳಗಿನದೂ ಒಂದು ಇರಬೇಕು. ಉದಾಹರಣೆಗೆ, ಅವಳು ಸಂಬಳದ ಅರ್ಧ ತವರಿಗೆ ಕೊಡುತ್ತಾಳೆ, ಮದುವೆಯಾದರೆ ಅದು ನಿಲ್ಲುತ್ತದೆ ಅಂತ ಹೆದರಿಕೆ. ಅದನ್ನು ಅವನ ಹತ್ತಿರ ಹೇಳಲು ಸ್ವಾಭಿಮಾನ ಬಿಡುವುದಿಲ್ಲ. ಈಗ ನೋಡಿ, ಇಬ್ಬರೂ ಒಳ್ಳೆಯವರೇ, ಆದರೂ ಮೂವತ್ತು ಸನ್ನಿವೇಶಕ್ಕೆ ಆಗುವಷ್ಟು ಸಾಮಗ್ರಿ ಸಿಕ್ಕಿತು.

ಈಗ ನಿಮ್ಮ ದಿನಗಳ ಲೆಕ್ಕ. ನನ್ನ ಕಪಾಟಿನ ಕಾದಂಬರಿಗಳನ್ನು ತೆಗೆದು ಎಣಿಸಿದೆ. ಒಂದು ಪುಟಕ್ಕೆ ಹೆಚ್ಚುಕಡಿಮೆ 200 ಪದ ಇವೆ. 160 ಪುಟದ ಕಾದಂಬರಿ ಅಂದರೆ 32,000 ಪದ. ಕನ್ನಡದಲ್ಲಿ ಅದು ಪೂರ್ತಿ ಕಾದಂಬರಿಯೇ. ಒಂದು ಸನ್ನಿವೇಶ ಸರಾಸರಿ 900 ಪದ ಅಂದುಕೊಂಡರೆ 36 ಸನ್ನಿವೇಶ ಸಾಕು. ವಾರಕ್ಕೆ ಮೂರು ಬರೆದರೆ ಹನ್ನೆರಡು ವಾರ. ಫೆಬ್ರವರಿ 14ರಿಂದ ಎಣಿಸಿದರೆ ಮೇ 9. ಆದರೆ ಮಾರ್ಚ್ ಕೊನೆಯ ಎರಡು ವಾರ ಬ್ಯಾಂಕಿನವರಿಗೆ ವರ್ಷಾಂತ್ಯ, ಮನೆಗೆ ಎಷ್ಟು ಹೊತ್ತಿಗೆ ಬರುತ್ತೀರೋ ಗೊತ್ತಿಲ್ಲ. ಆ ಎರಡು ವಾರವನ್ನು ಮೊದಲೇ ರಜೆ ಅಂತ ಬರೆದುಬಿಡಿ. ಹಾಗಾದರೆ ಮೇ 23. ಬೇಸಿಗೆ ರಜೆಯಲ್ಲಿ ಮಗು ಅಜ್ಜಿಮನೆಗೆ ಹೋಗುವುದಿದ್ದರೆ ಆ ವಾರಗಳಲ್ಲಿ ನಾಲ್ಕು ಬರೆಯಬಹುದು. ಆಗದಿದ್ದರೂ ಚಿಂತೆಯಿಲ್ಲ. ನಾನು ಈಗ ಅಡಿಕೆ ಕಾಲದಲ್ಲಿ ಬರೆಯುವುದೇ ಇಲ್ಲ. ಸುಲಿಯುವವರ ಮಾತು ಕೇಳುತ್ತೇನೆ, ಅಷ್ಟೆ. ನನ್ನ ಅರ್ಧ ಸಂಭಾಷಣೆ ಅಲ್ಲಿಂದಲೇ ಬಂದದ್ದು.

ಫೆಬ್ರವರಿ 14ರ ಬಗ್ಗೆ ನನ್ನದೊಂದು ಬೇರೆ ಸಲಹೆ. ಆ ದಿನ ಕಾದಂಬರಿ ಶುರು ಮಾಡಬೇಡಿ, ಮರುದಿನ ಮಾಡಿ. ಆ ದಿನ ಮನೆಯಲ್ಲಿ ಯಾರಾದರೂ ಹಿರಿಯರ ಹತ್ತಿರ ಕೂತು ಅವರ ಕಥೆ ಕೇಳಿ. ನಾನು ಒಂದು ವರ್ಷ ನಮ್ಮ ಅತ್ತೆಯನ್ನು ಕೇಳಿದೆ. ಮಾವ ನೋಡಲು ಬಂದಾಗ ಅತ್ತೆ ತಲೆ ಎತ್ತಲೇ ಇಲ್ಲವಂತೆ. ಕಂಡದ್ದು ಅವರ ಕಾಲು ಮಾತ್ರ. ಹಿಮ್ಮಡಿ ಒಡೆದು ಬಿರುಕು ಬಿಟ್ಟಿತ್ತಂತೆ. ಮದುವೆಯಾದ ಮೇಲೆ ಪ್ರತಿ ಚಳಿಗಾಲ ಅತ್ತೆ ಮುರುಗಲು ತುಪ್ಪ (ಕೋಕಂ ಬೀಜದ ಗಟ್ಟಿ ಎಣ್ಣೆ) ಕಾಯಿಸಿ ಆ ಹಿಮ್ಮಡಿಗೆ ಹಚ್ಚುತ್ತಿದ್ದರು. ಮಾವ ಹೋಗಿ ಆರು ವರ್ಷವಾಗಿತ್ತು. ತುಪ್ಪದ ಉಂಡೆ ಇನ್ನೂ ಡಬ್ಬಿಯಲ್ಲಿತ್ತು. ಅದನ್ನು ತೆಗೆದು ತೋರಿಸಿದರು. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಇದು ಗೊತ್ತಿರಲಿಲ್ಲ.

ಆ ದಿನದಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಚೌಕದಲ್ಲೇ, ಆ ದಿನ ಕಂಡ ಪ್ರೀತಿಯ ಒಂದು ಕೆಲಸವನ್ನು ನಾಲ್ಕು ಪದದಲ್ಲಿ ಬರೆಯುತ್ತೇನೆ. "ಡ್ರೈವರ್ ಅಜ್ಜಿಗಾಗಿ ಬಸ್ ನಿಲ್ಲಿಸಿದ." "ಒದ್ದೆ ಸೀಟು ಕರ್ಚೀಫಿನಿಂದ ಒರೆಸಿದ." ವರ್ಷದ ಕೊನೆಗೆ ಮುನ್ನೂರಕ್ಕೂ ಜಾಸ್ತಿ ಆಗುತ್ತದೆ. ಕಥೆ ಎಲ್ಲಾದರೂ ಸಿಕ್ಕಿಕೊಂಡಾಗ ಹಳೆ ಕ್ಯಾಲೆಂಡರ್ ತಿರುವಿ ಹಾಕುತ್ತೇನೆ. "ನಾನು ನಿನ್ನನ್ನು ಪ್ರೀತಿಸುತ್ತೇನೆ" ಅಂತ ನಮ್ಮ ಮನೆಗಳಲ್ಲಿ ಯಾರೂ ಹೇಳುವುದಿಲ್ಲ ಅಲ್ವಾ? ಮಾಡಿ ತೋರಿಸುತ್ತಾರೆ. ನಮ್ಮ ನಾಯಕ ನಾಯಕಿಯರೂ ಹಾಗೇ ಇರಲಿ.

ಮನೆಯವರ ನಗುವಿನ ಬಗ್ಗೆ. ಇಲ್ಲಿಂದ ಬನವಾಸಿ ದೂರವಿಲ್ಲ. 12ನೇ ಶತಮಾನದಲ್ಲಿ ನೇಮಿಚಂದ್ರ ಬರೆದ ಲೀಲಾವತಿ ಪ್ರಬಂಧ ಒಬ್ಬ ಕದಂಬ ರಾಜಕುಮಾರನ ಪ್ರೇಮದ ಕಥೆ, ಕನಸಿನಲ್ಲಿ ಕಂಡವಳನ್ನು ಹುಡುಕಿಕೊಂಡು ಹೊರಟವನದು. 1942ರಲ್ಲಿ ಕೆ.ಎಸ್. ನರಸಿಂಹಸ್ವಾಮಿಯವರು ಮೈಸೂರು ಮಲ್ಲಿಗೆಯ ಕವಿತೆಗಳಲ್ಲಿ ಗಂಡ ಹೆಂಡತಿಯ ಒಲವನ್ನೇ ಬರೆದರು, ಇವತ್ತಿಗೂ ಮದುವೆ ಮನೆಗಳಲ್ಲಿ ಅವನ್ನು ಹಾಡುತ್ತಾರೆ. ತೀರ್ಥಹಳ್ಳಿಯ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ 1963ರಲ್ಲಿ ಬಂದಾಗ ಅವರಿಗೆ 45 ದಾಟಿತ್ತು. ನೀವು ಕೂತಿರುವ ಪಂಕ್ತಿ ದೊಡ್ಡದು ತಂಗಿ. ನಗುವವರಿಗೆ ಉತ್ತರ ಕೊಡಬೇಕಿಲ್ಲ. ಬರೆಯುವ ಹೊತ್ತನ್ನು ಮಾತ್ರ ಅವರ ಹತ್ತಿರ ಸ್ಪಷ್ಟವಾಗಿ ಕೇಳಿ: ಸೋಮವಾರ, ಬುಧವಾರ, ಶನಿವಾರ ರಾತ್ರಿ ಒಂಬತ್ತರಿಂದ ಹತ್ತು, ಮಗುವನ್ನು ನೀವು ಮಲಗಿಸಿ ಅಂತ. ದಿನವನ್ನೂ ಗಂಟೆಯನ್ನೂ ಹೇಳಿ ಕೇಳಿದರೆ ಒಪ್ಪುತ್ತಾರೆ. "ನನಗೆ ಸ್ವಲ್ಪ ಟೈಮ್ ಬೇಕು" ಅಂದರೆ ಯಾರಿಗೂ ಅರ್ಥವಾಗುವುದಿಲ್ಲ.

ಉಳಿದ ಸಣ್ಣ ವಿಷಯಗಳು ಬೇಗ ಹೇಳುತ್ತೇನೆ. ಫೋನಿನಲ್ಲಿ ಮಾತಾಡಿ ಟೈಪ್ ಮಾಡಿಸುವುದಾದರೆ ಸಂಭಾಷಣೆಗೆ ಚೆನ್ನಾಗಿ ಆಗುತ್ತದೆ, ಆದರೆ ಅದೇ ರಾತ್ರಿ ತಿದ್ದಿ. ಮರುದಿನಕ್ಕೆ ಏನು ಹೇಳಿದ್ದೆವು ಅಂತ ನಮಗೇ ತಿಳಿಯುವುದಿಲ್ಲ. ಬರೆದದ್ದನ್ನು ಎರಡು ಕಡೆ ಇಡಿ. ನನ್ನ ಫೋನ್ ನೀರಿಗೆ ಬಿದ್ದು ಹನ್ನೊಂದು ಅಧ್ಯಾಯ ಹೋದವು, ಆ ಕಥೆಯನ್ನು ಮತ್ತೆ ಬರೆಯಲು ಮನಸ್ಸೇ ಬರಲಿಲ್ಲ. ಪತ್ರಿಕೆಗೆ ಕಳಿಸುವ ಮೊದಲು ಅವರಿಗೆ ನುಡಿ ತಂತ್ರಾಂಶದ ಫಾಂಟಿನಲ್ಲಿ ಬೇಕೋ ಯೂನಿಕೋಡಿನಲ್ಲಿ ಬೇಕೋ ನೋಡಿಕೊಳ್ಳಿ. ದೀಪಾವಳಿ, ಯುಗಾದಿ ವಿಶೇಷಾಂಕಗಳ ಸ್ಪರ್ಧೆಗೆ ಹಬ್ಬಕ್ಕಿಂತ ತುಂಬಾ ಮೊದಲೇ ಕರೆ ಬರುತ್ತದೆ, ಕಣ್ಣಿಟ್ಟಿರಿ. ಆ್ಯಪಿನಲ್ಲಿ ಧಾರಾವಾಹಿಯಾಗಿ ಹಾಕುವುದಾದರೆ ಎಂಟು ಕಂತು ಕೈಯಲ್ಲಿ ಇಟ್ಟುಕೊಂಡೇ ಮೊದಲನೆಯದನ್ನು ಹಾಕಿ. ಇಲ್ಲದಿದ್ದರೆ ಮಗುವಿಗೆ ಜ್ವರ ಬಂದ ವಾರ ಓದುಗರೂ ಹೋಗುತ್ತಾರೆ, ನಿಮ್ಮ ಧೈರ್ಯವೂ ಹೋಗುತ್ತದೆ.

ಒಂಬತ್ತು ಸನ್ನಿವೇಶ ಮುಗಿದಾಗಲೆಲ್ಲ ಒಂದು ಸಣ್ಣ ಸಂಭ್ರಮ ಇಟ್ಟುಕೊಳ್ಳಿ. ಒಟ್ಟು ನಾಲ್ಕು ಸಲ ಬರುತ್ತದೆ. ಮಲ್ಲಿಗೆ ದಂಡೆ ಕೊಂಡು ಮುಡಿದುಕೊಳ್ಳಿ, ಊರಿನ ಪೇಡೆ ತಂದು ಮನೆಮಂದಿಗೆಲ್ಲ ಹಂಚಿ, ಯಾಕೆ ಅಂತ ಹೇಳಿಯೇ ಹಂಚಿ. ನಾನು ಪ್ರತಿ ಒಂಬತ್ತಕ್ಕೆ ನಮ್ಮ ಅತ್ತೆಗೆ ಒಂದು ಸನ್ನಿವೇಶ ಓದಿ ಹೇಳುತ್ತೇನೆ. ಕಣ್ಣು ಮುಚ್ಚಿ ಕೇಳುತ್ತಾರೆ. ನಿದ್ದೆ ಬಂತೇನೋ ಅಂತ ನಿಲ್ಲಿಸಿದರೆ "ಮುಂದೆ?" ಅನ್ನುತ್ತಾರೆ.

ಹಳೆಯ ಮೂರು ಕಥೆಗಳನ್ನು ಅಳಿಸಬೇಡಿ. ಸದ್ಯಕ್ಕೆ ತೆರೆಯಲೂ ಬೇಡಿ. 15ನೇ ತಾರೀಕು ರಾತ್ರಿ ಒಂಬತ್ತಕ್ಕೆ ಬಸ್ಸಿನ ಕಥೆಯ ಮೊದಲ ಸನ್ನಿವೇಶ ಬರೆಯಿರಿ, ಅವಳು ಅವನನ್ನು ಇನ್ನೂ ನೋಡಿಲ್ಲದ ದಿನದ್ದು. ಮುಗಿದ ಮೇಲೆ ಇಲ್ಲೇ ಹಾಕಿ. ನಾನು ಓದಿ, ಎಲ್ಲಿ "ನೀವು" ಇದೆ ಅಂತ ಗುರುತು ಮಾಡಿಟ್ಟುಕೊಂಡು ಕಾಯುತ್ತಿರುತ್ತೇನೆ.