ಏದುಸಿರು ಬಿಡುವ ಮಗು: ಬೆಳಗಿನವರೆಗೆ ಕಾಯಬಹುದೇ?

ಹತ್ತು ತಿಂಗಳ ಮಗುವಿಗೆ ಕೆಮ್ಮು, ಏದುಸಿರು. ಬೆಳಿಗ್ಗೆ ಪಾವಗಡದಿಂದ ನೇರವಾಗಿ ತುಮಕೂರಿಗೆ ಹೋಗಲೇ ಎಂದು ಕೇಳಿದ್ದೀರಿ. ಉಸಿರೆಳೆದಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಹೋಗುತ್ತದೆ ಎಂದೂ ಬರೆದಿದ್ದೀರಿ. ಹಾಗಿದ್ದರೆ ಬೆಳಗಿನ ಮಾತೇ ಬೇಡ, ಈಗಲೇ 108ಕ್ಕೆ ಕರೆ ಮಾಡಿ. ಮೊದಲು ಪಾವಗಡದ ತಾಲ್ಲೂಕು ಆಸ್ಪತ್ರೆಗೇ ಹೋಗಿ. ಆಕ್ಸಿಜನ್ ಸಿಕ್ಕಿ ಮಗು ಸ್ವಲ್ಪ ಸುಧಾರಿಸಿದ ಮೇಲೆ ತುಮಕೂರಿನ ಯೋಚನೆ. ದೊಡ್ಡ ಆಸ್ಪತ್ರೆಯ ಆಸೆಗೆ ಸುಮಾರು ನೂರು ಕಿಲೋಮೀಟರ್ ಆಕ್ಸಿಜನ್ ಇಲ್ಲದೆ ಕರೆದೊಯ್ಯುವುದು ನನಗಂತೂ ಒಪ್ಪಿಗೆಯಿಲ್ಲ.

ವಾಹನ ಬರುವವರೆಗೆ, ಮಗು ಅಳದಿರುವಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ ವೈದ್ಯರಿಗೆ ತಿಳಿಸಿ. ಈ ವಯಸ್ಸಿನಲ್ಲಿ 50 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ವೇಗದ ಉಸಿರಾಟ. ಮಗುವನ್ನು ತಲೆ ಎತ್ತರವಾಗಿರುವಂತೆ ಮಡಿಲಲ್ಲಿ ಕೂರಿಸಿಕೊಳ್ಳಿ. ಬಲವಂತವಾಗಿ ಹಾಲು ಕುಡಿಸಬೇಡಿ. ಅಜ್ಜಿಯ ಕಷಾಯವಂತೂ ಬೇಡವೇ ಬೇಡ. ತುಟಿ ನೀಲಿಗಟ್ಟುವುದು, ಫಿಟ್ಸ್ ಬರುವುದು, ಎಬ್ಬಿಸಿದರೂ ಏಳದಿರುವುದು, ಇವುಗಳಲ್ಲಿ ಒಂದಾದರೂ ಕಂಡು ಆಂಬುಲೆನ್ಸ್ ತಡವಾಗುವಂತಿದ್ದರೆ ಸಿಕ್ಕ ವಾಹನ ಹತ್ತಿ ಹೊರಡಿ.