ದುಬೈ ಲೆಟ್ಯೂಸ್ ಫಾರ್ಮ್: ಪ್ರಸ್ತಾವ ಯಾಕೆ ವಾಪಸ್ ಬರುತ್ತಿದೆ

ಗೋದಾಮಿನಲ್ಲಿ ಲೆಟ್ಯೂಸ್ ಬೆಳೆಯುವ ನಿಮ್ಮ ಪಾಲುದಾರಿಕೆ ಪ್ರಸ್ತಾವ ಸರ್ಕಾರದಿಂದ ಎರಡು ಸಲ ವಾಪಸ್ ಬಂದಿದ್ದು ಬಹುಶಃ ಕೊಳ್ಳುವವರು ಯಾರೆಂದು ಅದರಲ್ಲಿ ಇಲ್ಲದ್ದಕ್ಕೆ. ನೀರಿನ ಉಳಿತಾಯವನ್ನೇ ಜಾಸ್ತಿ ಬರೆದಿದ್ದೀರಿ, ಅಲ್ವಾ? ನಮ್ಮದೂ ಹಾಗೇ ಆಗಿತ್ತು. 2022ರಲ್ಲಿ ದುಬೈನಲ್ಲಿ ಶುರುವಾದ, ಕಟ್ಟಡದೊಳಗೆ ಸೊಪ್ಪು ಬೆಳೆಯುವ ಬುಸ್ತಾನಿಕಾ ಫಾರ್ಮ್ ನೋಡಿ. ವಿಮಾನಗಳಿಗೆ ಊಟ ಒದಗಿಸುವ ಎಮಿರೇಟ್ಸ್ ಫ್ಲೈಟ್ ಕೇಟರಿಂಗ್, ಅಮೆರಿಕದ ಕ್ರಾಪ್ ಒನ್ ಕಂಪನಿ ಸೇರಿ ಕಟ್ಟಿದ್ದು. ಸೊಪ್ಪಿಗೆ ವಿಮಾನದ ಊಟದ ಟ್ರೇ ಮೊದಲೇ ಕಾಯುತ್ತಿತ್ತು.

ಮೊದಲು ಒಂದು ಹೋಟೆಲಿನವರಿಂದ ವಾರಕ್ಕೆ ಎಷ್ಟು ಕೆಜಿ, ಯಾವ ದರ ಅಂತ ಬರೆಸಿಕೊಳ್ಳಿ. ಆಮೇಲೆ ಕರೆಂಟ್ ಲೆಕ್ಕ. ವರ್ಷದ ಸರಾಸರಿ ಬೇಡ, ದುಬೈನಲ್ಲಿ ಸೆಕೆ ಜಾಸ್ತಿ ಇರುವ ಜುಲೈ, ಆಗಸ್ಟ್ ಬಿಲ್ ಇಟ್ಟುಕೊಂಡೇ ಕೆಜಿಗೆ ಎಷ್ಟು ಯೂನಿಟ್ ಅಂತ ತೆಗೆಯಿರಿ. ಎಲ್‌ಇಡಿ ದೀಪದ ಬಿಸಿ ತೆಗೆಯುವ ಎಸಿ, ಎಲೆ ಬಿಡುವ ತೇವ ಹೀರುವ ಯಂತ್ರ, ಎರಡನ್ನೂ ಬೇರೆಬೇರೆ ತೋರಿಸಿ. ಕೊನೆಗೆ ಸರ್ಕಾರದ ಹತ್ತಿರ ದುಡ್ಡಿನ ಬದಲು ಜಾಗ ಮತ್ತು ಕರೆಂಟ್ ದರದಲ್ಲಿ ರಿಯಾಯಿತಿ ಕೇಳಿ. ಒಪ್ಪುತ್ತಾರೆ ಅಂತ ಖಚಿತವಾಗಿ ಹೇಳಲಾರೆ, ಆದರೆ ಹೋಟೆಲಿನ ಪತ್ರ ಕೈಯಲ್ಲಿಲ್ಲದೆ ಮೂರನೇ ಸಲ ಕಳಿಸಬೇಡಿ.