‘ನಿನ್ನ ಓಬೋ ನನಗಿಷ್ಟ’ ಅಂದವಳ ಪರವಾಗಿ

ಹಾಸನದ ಓದುಗರೊಬ್ಬರ ಪತ್ರ: “ಪಿಯುಸಿ ಓದುವ ಮಗಳು ಕರೆದಳೆಂದು ‘ಲಿಜ್ ಅಂಡ್ ದ ಬ್ಲೂ ಬರ್ಡ್’ ಎಂಬ ಜಪಾನಿನ ಆನಿಮೇಷನ್ ಸಿನಿಮಾ ನೋಡಿದೆ. ಇಷ್ಟವಾಯಿತು. ಯಾಕೆ ಅಂತ ಹೇಳಲು ಬರುತ್ತಿಲ್ಲ. ಒಂದೂವರೆ ಗಂಟೆಯಲ್ಲಿ ದೊಡ್ಡದೇನೂ ನಡೆಯುವುದೇ ಇಲ್ಲ. ಕೊನೆಗೆ ಒಬ್ಬಳು ಗೆಳತಿಯನ್ನು ತಬ್ಬಿಕೊಂಡು ನಿನ್ನದೆಲ್ಲ ನನಗಿಷ್ಟ ಅನ್ನುತ್ತಾಳೆ. ಇನ್ನೊಬ್ಬಳು ನಿನ್ನ ಓಬೋ (ಗೆಳತಿ ಊದುವ ವಾದ್ಯ) ನನಗಿಷ್ಟ ಅಂದು ಮುಗಿಸಿಬಿಡುತ್ತಾಳೆ. ಅವಳದು ಸಣ್ಣ ಮನಸ್ಸು ಅನ್ನಿಸಿತು. ಮಗಳು ಒಪ್ಪುತ್ತಿಲ್ಲ. ಹಿಂದಿನ ಸರಣಿ ನೋಡಿದರೆ ಅರ್ಥವಾಗುತ್ತದೆ ಅನ್ನುತ್ತಾಳೆ. ನೀವೇನು ಹೇಳುತ್ತೀರಿ?”

ನಮಸ್ಕಾರ. ನಾನು ನಿಮ್ಮ ಮಗಳ ಕಡೆ. ನೀವು ಸಣ್ಣ ಮನಸ್ಸು ಅಂದ ಆ ಹುಡುಗಿಯೇ ನನಗೆ ಈ ಸಿನಿಮಾದಲ್ಲಿ ಜಾಸ್ತಿ ಹತ್ತಿರವಾದವಳು. ಯಾಕೆಂದು ಹೇಳುವ ಮುಂಚೆ, ನೋಡದವರಿಗಾಗಿ ಎರಡು ಮಾತು.

ಇದು 2018ರ ಏಪ್ರಿಲ್‌ನಲ್ಲಿ ಬಂದ ಸಿನಿಮಾ. ಮಾಡಿದ್ದು ಕ್ಯೋಟೊ ಆನಿಮೇಷನ್, ನಿರ್ದೇಶನ ನವೊಕೊ ಯಮಾದಾ ಅವರದು. ಕ್ಯೋಟೊ ಪಕ್ಕದ ಉಜಿ ಊರಿನ ಒಂದು ಹೈಸ್ಕೂಲು, ಅಲ್ಲೊಂದು ವಾದ್ಯವೃಂದ. ಮಿಜೊರೆ ಓಬೋ ನುಡಿಸುತ್ತಾಳೆ. ಮಾತು ಕಡಿಮೆ, ಗೆಳತಿ ಅಂತ ಇರುವವಳು ನೊಜೊಮಿ ಒಬ್ಬಳೇ. ನೊಜೊಮಿ ಕೊಳಲಿನ ಹುಡುಗಿ, ಎಲ್ಲರಿಗೂ ಬೇಕಾದವಳು. ಶಾಲೆಯ ಕೊನೇ ವರ್ಷ. ಸ್ಪರ್ಧೆಗೆ ಅವರ ತಂಡ ಆರಿಸಿಕೊಂಡ ಕೃತಿಯ ಹೆಸರೂ ಲಿಜ್ ಮತ್ತು ನೀಲಿ ಹಕ್ಕಿ. ಅದರ ಹಿಂದೆ ಒಂದು ಕತೆ ಇದೆ. ಒಂಟಿ ಹುಡುಗಿ ಲಿಜ್ ಬಳಿಗೆ ನೀಲಿ ಹಕ್ಕಿಯೊಂದು ಹುಡುಗಿಯ ರೂಪದಲ್ಲಿ ಬಂದು ಇರುತ್ತದೆ. ಲಿಜ್ ಕೊನೆಗೆ ಅದನ್ನು ಹಾರಿಹೋಗು ಎಂದು ಕಳಿಸುತ್ತಾಳೆ. ಕೃತಿಯ ಮೂರನೇ ಭಾಗದಲ್ಲಿ ಓಬೋ ಮತ್ತು ಕೊಳಲು ಈ ಅಗಲಿಕೆಯನ್ನು ಜೊತೆಯಾಗಿ ನುಡಿಸಬೇಕು.

ಓಬೋ ನಮ್ಮ ಶಹನಾಯಿ, ನಾಗಸ್ವರದ ಜಾತಿಯ ವಾದ್ಯ. ಎರಡು ತೆಳು ಪದರದ ಪೀಪಿಯನ್ನು ತುಟಿಯಲ್ಲಿ ಬಿಗಿಹಿಡಿದು ಊದಬೇಕು. ಆ ಪೀಪಿಯನ್ನು ನುಡಿಸುವವರೇ ಹದ ಮಾಡಿಕೊಳ್ಳುವುದು ವಾಡಿಕೆ. ಮಿಜೊರೆ ಕಿರಿಯ ಹುಡುಗಿಯೊಬ್ಬಳಿಗೆ ಅದನ್ನು ಹೇಳಿಕೊಡುವ ದೃಶ್ಯವೂ ಇದೆ. ಬಾಯಿ ಬಿಡದ ಹುಡುಗಿಗೆ ಇಷ್ಟು ಗಟ್ಟಿ ದನಿಯ ವಾದ್ಯ ಕೊಟ್ಟಿದ್ದಾರೆ, ನೋಡಿ.

ಏನೂ ನಡೆಯುವುದಿಲ್ಲ ಅಂದಿರಿ. ನಡೆಯುವುದೆಲ್ಲ ಕಿವಿಗೆ ನಡೆಯುತ್ತದೆ. ಮೊದಲ ದೃಶ್ಯ ನೆನಪಿಸಿಕೊಳ್ಳಿ. ಮಿಜೊರೆ ಶಾಲೆಯ ಮೆಟ್ಟಿಲ ಮೇಲೆ ಕಾಯುತ್ತಿದ್ದಾಳೆ. ಹೆಜ್ಜೆ ಸದ್ದು ಕೇಳಿಸುತ್ತದೆ, ನೊಜೊಮಿಯದಲ್ಲ. ಮತ್ತೆ ಕೇಳಿಸುತ್ತದೆ, ಈ ಸಲ ಅವಳದೇ. ಆಮೇಲೆ ಇಬ್ಬರೂ ಒಳಗೆ ನಡೆಯುತ್ತಾರೆ. ನೊಜೊಮಿ ಮುಂದೆ, ಜುಟ್ಟು ಕುಣಿಸುತ್ತಾ. ಮಿಜೊರೆ ಹಿಂದೆ. ಇಬ್ಬರ ಹೆಜ್ಜೆಯ ಲಯ ಕೂಡುವುದಿಲ್ಲ. ಅವರ ಸ್ನೇಹದ ಸ್ಥಿತಿ ಒಂದೂ ಮಾತಿಲ್ಲದೆ ಗೊತ್ತಾಗುತ್ತದೆ, ಅಲ್ವಾ? ಹಿನ್ನೆಲೆ ಸಂಗೀತ ಕೆನ್ಸುಕೆ ಉಶಿಯೊ ಅವರದು. ಸಿನಿಮಾಕ್ಕೆ ಮಾದರಿಯಾದ ಶಾಲೆಗೇ ಹೋಗಿ, ಅಲ್ಲಿನ ವಸ್ತುಗಳನ್ನು ತಟ್ಟಿ, ಉಜ್ಜಿ, ಆ ಸದ್ದುಗಳನ್ನು ಹಿಡಿದು ತಂದು ಸಂಗೀತಕ್ಕೆ ಸೇರಿಸಿದರು. ಸ್ವರ ಬರೆಯುವ ಹಾಳೆಯ ಮೇಲೆ ಶಾಯಿ ಚೆಲ್ಲಿ, ಮಡಚಿ, ಎರಡು ಬದಿಗೂ ಮೂಡಿದ ಗುರುತುಗಳಿಂದ ಸ್ವರ ಹುಟ್ಟಿಸಿದ್ದೂ ಉಂಟು. ಎರಡು ಬದಿಯ ಗುರುತು ಒಂದೇ ಥರ ಕಾಣುತ್ತದೆ, ಪೂರ್ತಿ ಒಂದೇ ಅಲ್ಲ. ಈ ಇಬ್ಬರು ಹುಡುಗಿಯರಿಗೆ ಇದಕ್ಕಿಂತ ಸರಿಯಾದ ವಿಧಾನ ಸಿಗುತ್ತಿತ್ತೇ? ತಂಡ ನುಡಿಸುವ ಕೃತಿ ಮಾತ್ರ ಅಕಿತೊ ಮತ್ಸುದಾ ಅವರದು.

ಈಗ ನಿಮ್ಮ ತಕರಾರಿಗೆ ಬರುತ್ತೇನೆ. ಹೊರಗಿನಿಂದ ಬರುವ ಶಿಕ್ಷಕಿ ಸಂಗೀತ ಕಾಲೇಜಿನ ಪುಸ್ತಿಕೆಯನ್ನು ಮಿಜೊರೆಗೆ ಕೊಡುತ್ತಾರೆ. ನೊಜೊಮಿಗೆ ಕೊಡುವುದಿಲ್ಲ. ಅದನ್ನು ಕಂಡ ನೊಜೊಮಿ, ನಾನೂ ಆ ಕಾಲೇಜಿಗೆ ಸೇರಬಹುದೇನೋ ಎಂದು ಹಗುರವಾಗಿ ಅನ್ನುತ್ತಾಳೆ. ಆ ಹಗುರದ ಹಿಂದೆ ಎಷ್ಟು ನೋವಿದೆ! ಸಂಗೀತ ಕಲಿತವರಿಗೆ ಇದು ಗೊತ್ತು. ಜೊತೆಗೆ ಶುರು ಮಾಡಿದ ಇಬ್ಬರಲ್ಲಿ ಒಬ್ಬರು ಒಂದು ದಿನ ಮುಂದೆ ಹೋಗುತ್ತಾರೆ. ಹಿಂದೆ ಉಳಿದವರು ಕಷ್ಟಪಡಲಿಲ್ಲ ಅಂತಲ್ಲ. ಇಲ್ಲಿ ಇನ್ನೊಂದು ಸಂಕಟವೂ ಇದೆ: ಮಿಜೊರೆಯನ್ನು ವಾದ್ಯವೃಂದಕ್ಕೆ ಕರೆತಂದವಳೇ ನೊಜೊಮಿ.

ಮಿಜೊರೆ ಅಲ್ಲಿಯವರೆಗೆ ತಾನೇ ಲಿಜ್ ಅಂದುಕೊಂಡಿರುತ್ತಾಳೆ. ಹಕ್ಕಿಯನ್ನು ಬಿಟ್ಟುಕೊಡುವುದು ತನ್ನಿಂದಾಗದು, ಹಾಗಾಗಿ ಸಂಗೀತವೂ ಕೈಗೆ ಸಿಗುತ್ತಿಲ್ಲ. ನೀನೇ ಹಕ್ಕಿಯಾಗಿದ್ದರೆ ಎಂದು ಶಿಕ್ಷಕಿ ಕೇಳುತ್ತಾರೆ. ಇತ್ತ ನೊಜೊಮಿಗೂ ಬೇರೆ ಕೋಣೆಯಲ್ಲಿ ಅದೇ ಹೊಳೆಯುತ್ತದೆ. ಮುಂದಿನ ಅಭ್ಯಾಸದಲ್ಲಿ ಮಿಜೊರೆ ಮೊದಲ ಸಲ ತಡೆಯಿಲ್ಲದೆ ಊದುತ್ತಾಳೆ. ಇಷ್ಟು ದಿನ ತನ್ನ ಮಟ್ಟಕ್ಕೆ ಹೊಂದಿಸಲು ಅವಳು ದನಿ ತಗ್ಗಿಸಿಕೊಂಡಿದ್ದಳು ಎಂದು ನೊಜೊಮಿಗೆ ಆಗ ತಿಳಿಯುತ್ತದೆ. ಕಣ್ಣೀರಿಳಿಯುತ್ತದೆ, ಕೊಳಲು ತಡವರಿಸುತ್ತದೆ. ನನ್ನ ಮಟ್ಟಿಗೆ ಸಿನಿಮಾದ ತುದಿ ಅದೇ. ಇಷ್ಟೆಲ್ಲ ಸಿದ್ಧತೆ ಮಾಡಿದ ಸ್ಪರ್ಧೆಯನ್ನು ಯಮಾದಾ ತೋರಿಸುವುದೇ ಇಲ್ಲ. ಗೆಲುವು, ಪದಕ, ಚಪ್ಪಾಳೆ ಒಂದೂ ಇಲ್ಲ. ದೊಡ್ಡ ಧೈರ್ಯ ಅದು.

ಆಮೇಲೆ ಬರುತ್ತದೆ ನೀವು ಹೇಳಿದ ದೃಶ್ಯ. ಮಿಜೊರೆ ತಬ್ಬಿಕೊಂಡು ನಿನ್ನ ನಗು ಇಷ್ಟ, ಮಾತು ಇಷ್ಟ, ಹೆಜ್ಜೆ ಸದ್ದು ಇಷ್ಟ ಅನ್ನುತ್ತಾಳೆ. ನಿನ್ನ ಕೊಳಲು ಇಷ್ಟ ಎಂಬುದೊಂದು ಮಾತು ಆ ಪಟ್ಟಿಯಲ್ಲಿಲ್ಲ. ನೊಜೊಮಿ ಕಾಯುತ್ತಿದ್ದುದು ಬಹುಶಃ ಅದೊಂದಕ್ಕೇ. ಅದು ಬರಲಿಲ್ಲ. ಆದರೂ ಅವಳು ನಿನ್ನ ಓಬೋ ನನಗಿಷ್ಟ ಅನ್ನುತ್ತಾಳೆ. ಹೊಟ್ಟೆಕಿಚ್ಚನ್ನು ನುಂಗಿ, ಸುಳ್ಳು ಸೇರಿಸದೆ, ಗೆಳತಿಯ ದೊಡ್ಡ ಶಕ್ತಿಯನ್ನು ಅವಳ ಮುಖಕ್ಕೇ ಒಪ್ಪಿಕೊಂಡ ಮಾತು ಅದು. ಸುಮ್ನೆ ನನಗೂ ನಿನ್ನದೆಲ್ಲ ಇಷ್ಟ ಅಂದಿದ್ದರೆ ಸುಲಭವಾಗುತ್ತಿತ್ತು. ಸಣ್ಣ ಮನಸ್ಸಿನವರಿಗೆ ಹೀಗೆ ಹೇಳಲು ಆಗುವುದಿಲ್ಲ, ಸರ್. ಇಬ್ಬರೂ ಮೊದಲು ಮಾತಾಡಿದ ದಿನ ಸರಿಯಾಗಿ ನೆನಪಿಲ್ಲ ಅಂದವಳಿಗೆ ಆ ದಿನ ಚೆನ್ನಾಗಿಯೇ ನೆನಪಿದೆ ಎಂದೂ ಆಮೇಲೆ ಗೊತ್ತಾಗುತ್ತದೆ. ಇನ್ನೊಮ್ಮೆ ನೋಡಿದಾಗ ಅಲ್ಲಿ ಅವಳ ಮುಖ ಗಮನಿಸಿ.

ಮುಖ ಅಂದಾಗ ಒಬ್ಬರನ್ನು ನೆನೆಯಬೇಕು. ಈ ಪಾತ್ರಗಳಿಗೆ ರೂಪ ಕೊಟ್ಟವರು ಫುತೋಶಿ ನಿಶಿಯಾ. ಕೂದಲೆಳೆಯನ್ನು ಹಿಡಿದುಕೊಳ್ಳುವ ಮಿಜೊರೆಯ ಬೆರಳು, ತಗ್ಗಿದ ರೆಪ್ಪೆ, ಆ ಸೂಕ್ಷ್ಮ ಗೆರೆಗಳೆಲ್ಲ ಅವರು ಕಟ್ಟಿಕೊಟ್ಟ ರೂಪದಿಂದ ಬಂದವು. 2019ರ ಜುಲೈ 18ರಂದು ಒಬ್ಬಾತ ಆ ಸ್ಟುಡಿಯೋಗೆ ಬೆಂಕಿ ಹಚ್ಚಿದ. 36 ಮಂದಿ ತೀರಿಕೊಂಡರು. ನಿಶಿಯಾ ಅವರಲ್ಲೊಬ್ಬರು. ಇಷ್ಟು ಮೃದುವಾಗಿ ಚಿತ್ರ ಬಿಡಿಸುತ್ತಿದ್ದವರಿಗೆ ಹಾಗಾಯಿತಲ್ಲ ಎಂಬ ಸಂಕಟ ನನಗೆ ಇನ್ನೂ ಹೋಗಿಲ್ಲ.

ಇನ್ನು ಸರಣಿಯ ವಿಷಯ. ಸಿನಿಮಾ ಸ್ವತಂತ್ರವಾಗಿಯೇ ನಿಲ್ಲುತ್ತದೆ, ಮೊದಲು ಅದನ್ನು ನೋಡಿದ್ದು ಒಳ್ಳೆಯದೇ ಆಯಿತು. ಇದರ ಮೂಲ ಅಯಾನೊ ತಕೆದಾ ಅವರ ಕಾದಂಬರಿಗಳು. ಅವುಗಳಿಂದಲೇ ಬಂದ ‘ಸೌಂಡ್! ಯುಫೋನಿಯಂ’ ಎಂಬ ಟಿವಿ ಸರಣಿಯ ಕವಲು ಈ ಸಿನಿಮಾ. ನೊಜೊಮಿ ಹಿಂದೊಮ್ಮೆ ಮಿಜೊರೆಗೆ ಹೇಳದೆಯೇ ವಾದ್ಯವೃಂದ ಬಿಟ್ಟುಹೋಗಿದ್ದಳು. ಆ ಕತೆ 2016ರಲ್ಲಿ ಬಂದ ಎರಡನೇ ಸೀಸನ್ನಿನ ಮೊದಲ ನಾಲ್ಕು ಕಂತುಗಳಲ್ಲಿದೆ. ಮಗಳ ಜೊತೆ ಕೂತು ಅಷ್ಟು ನೋಡಿ, ಆಮೇಲೆ ಸಿನಿಮಾವನ್ನು ಇಯರ್‌ಫೋನ್ ಹಾಕಿಕೊಂಡು ಇನ್ನೊಮ್ಮೆ ನೋಡಿ. ಟಿವಿಯ ಸ್ಪೀಕರಿನಲ್ಲಿ ಆ ಹೆಜ್ಜೆ ಸದ್ದುಗಳು ಅರ್ಧಕ್ಕರ್ಧ ಕಳೆದುಹೋಗುತ್ತವೆ. ಆಗಲೂ ನೊಜೊಮಿ ಮೇಲೆ ಸಿಟ್ಟು ಉಳಿದಿದ್ದರೆ ಮತ್ತೆ ಬರೆಯಿರಿ. ಮಗಳಿಗೂ ಬರೆಯಲು ಹೇಳಿ, ಎರಡೂ ಪತ್ರ ಅಚ್ಚು ಹಾಕುತ್ತೇವೆ.

– ಸಂಪಾದಕ